ಅರೆಯುವ, ರುಬ್ಬುವ, ಬೇಯಿಸುವ ಯಂತ್ರಗಳು: ಅಡುಗೆಮನೆಯ ಏಳು ದಶಕ

ಕರ್ನಾಟಕದ ಬಹುಪಾಲು ಅಡುಗೆಗಳಲ್ಲಿ ಒಲೆ ಹಚ್ಚುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರಬೇಕಾಗುತ್ತದೆ. ಇಡ್ಲಿ, ದೋಸೆಗೆ ನೆನೆಸಿದ ಅಕ್ಕಿ, ಉದ್ದು ರುಬ್ಬಬೇಕು. ಹುಳಿಗೆ ಹುರಿದ ಕೊತ್ತಂಬರಿ, ಒಣಮೆಣಸಿನಕಾಯಿಯನ್ನು ತೆಂಗಿನ ತುರಿಯ ಜೊತೆ ಅರೆಯಬೇಕು. ಮುದ್ದೆಗೆ ರಾಗಿ, ರೊಟ್ಟಿಗೆ ಜೋಳ ಬೀಸಬೇಕು. ಕೆಲಸ ಬೇರೆಯಾದಂತೆ ಕಲ್ಲೂ ಬೇರೆ. ಬೀಸುವ ಕಲ್ಲಿನಲ್ಲಿ ಒಣ ಕಾಳು ಎರಡು ಚಪ್ಪಟೆ ಕಲ್ಲುಗಳ ನಡುವೆ ಪುಡಿಯಾಗುತ್ತದೆ. ರುಬ್ಬುವ ಕಲ್ಲಿನಲ್ಲಿ, ಕರಾವಳಿಯವರ ಮಾತಿನಲ್ಲಿ ಕಡೆಯುವ ಕಲ್ಲಿನಲ್ಲಿ, ಗುಳಿಯೊಳಗೆ ಗುಂಡು ತಿರುಗುತ್ತದೆ. ಒಂದು ಕೈ ಗುಂಡು ತಿರುಗಿಸುತ್ತಿದ್ದರೆ ಇನ್ನೊಂದು ಕೈ ಹಿಟ್ಟನ್ನು ಒಳಕ್ಕೆ ದೂಡುತ್ತಿರಬೇಕು. ದೊಡ್ಡ ಕುಟುಂಬದ ಬೆಳಗಿನ ದೋಸೆಗೆ ಹಿಂದಿನ ಸಂಜೆ ತಾಸುಗಟ್ಟಲೆ ಮೈದುಡಿಮೆ ಬೇಕಿತ್ತು, ಅದು ಬಹುತೇಕ ಹೆಂಗಸರ ಪಾಲಿನದೇ ಆಗಿತ್ತು. ಯಾವ ಯಂತ್ರ ಅಡುಗೆಮನೆಯಲ್ಲಿ ನೆಲೆಯೂರಿತು, ಯಾವುದು ಅಟ್ಟ ಸೇರಿತು ಎಂಬುದನ್ನು ತೀರ್ಮಾನಿಸಿದ್ದು ಈ ದುಡಿಮೆಯೇ.

ಮೊದಲು ಮನೆಯಿಂದ ಹೊರಬಿದ್ದದ್ದು ಒಣ ಬೀಸುವಿಕೆ. ಮೊದಲು ಆಯಿಲ್ ಎಂಜಿನ್ನಿನಿಂದ, ಆಮೇಲೆ ವಿದ್ಯುತ್ ಮೋಟಾರಿನಿಂದ ನಡೆಯುವ ಹಿಟ್ಟಿನ ಗಿರಣಿಗಳು ಊರೂರಿಗೆ ಬಂದಂತೆ ರಾಗಿ, ಜೋಳ, ಗೋಧಿಯ ಡಬ್ಬಿಗಳು ಅತ್ತ ಸಾಗಿದವು. ಒಣ ಹಿಟ್ಟು ವಾರಗಟ್ಟಲೆ ಕೆಡದೆ ಇರುತ್ತದೆ, ಆದ್ದರಿಂದ ಒಂದು ಗಿರಣಿ ಇಡೀ ಊರಿಗೆ ಸಾಕು. ರುಬ್ಬಿದ ಹಿಟ್ಟು ಹಾಗಲ್ಲ. ರುಬ್ಬಿ ಮುಗಿಸಿದಾಗಲೇ ಅದು ಹುದುಗತೊಡಗುತ್ತದೆ, ಮರುದಿನ ಸಂಜೆಗೆ ಹುಳಿಯಾಗುತ್ತದೆ. ಅರೆದ ಮಸಾಲೆಯಂತೂ ಅಂದಂದಿಗೇ ಬೇಕು. ಹೀಗಾಗಿ ಬೀಸುವ ಕಲ್ಲು ಮೂಲೆ ಸೇರಿದ ಮೇಲೂ ರುಬ್ಬುವ ಕಲ್ಲು ಹಲವು ದಶಕ ಮನೆಯೊಳಗೇ ಉಳಿಯಿತು.

ವಿದ್ಯುತ್ತು ಬಂದ ಮಾತ್ರಕ್ಕೆ ಈ ಸ್ಥಿತಿ ಬದಲಾಗಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಹರಿಯಿತು. ಮನೆಗಳಲ್ಲಿ ಅದು ಬಹುಕಾಲ ದೀಪಕ್ಕೆ, ಆಮೇಲೆ ಫ್ಯಾನು, ರೇಡಿಯೊ, ಇಸ್ತ್ರಿಪೆಟ್ಟಿಗೆಗೆ ಮಾತ್ರ ಬಳಕೆಯಾಯಿತು. ಹಳೆಯ ಮನೆಗಳ ಅಡುಗೆಕೋಣೆಗೆ ಒಂದು ಬಲ್ಬು ಸಿಕ್ಕರೆ ಹೆಚ್ಚು. ಮೂರು ಕಾಲಿನ ಪ್ಲಗ್ಗು ಅಲ್ಲಿಗೆ ಬಂದದ್ದು ತೀರ ತಡವಾಗಿ.

ಅಡುಗೆಮನೆಯನ್ನು ಬದಲಿಸಿದ ಮೊದಲ ಆಧುನಿಕ ಸಾಧನಕ್ಕೆ ವಿದ್ಯುತ್ತೇ ಬೇಕಿರಲಿಲ್ಲ. ಫ್ರೆಂಚ್ ಮೂಲದ ಡೆನಿ ಪಾಪಾಂ ಎಂಬ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ಹಬೆ ಬಂಧಿಸುವ ಪಾತ್ರೆಯೊಂದನ್ನು ರೂಪಿಸಿದ್ದ. ಅದರ ಸಂತತಿಯಾದ ಪ್ರೆಷರ್ ಕುಕ್ಕರ್ ಭಾರತದಲ್ಲಿ ತಯಾರಾಗತೊಡಗಿದ್ದು 1959ರಲ್ಲಿ. ಆ ವರ್ಷ ಟಿ.ಟಿ.ಕೆ. ಸಮೂಹ ಬೆಂಗಳೂರಿನಲ್ಲಿ ಪ್ರೆಸ್ಟೀಜ್ ಕುಕ್ಕರ್‌ಗಳ ತಯಾರಿಕೆ ಆರಂಭಿಸಿತು; ಅದೇ ವರ್ಷ ಮುಂಬಯಿಯಲ್ಲಿ ಹಾಕಿನ್ಸ್ ಸಂಸ್ಥೆ ಹುಟ್ಟಿತು. ಕುಕ್ಕರಿನ ಒಳಗೆ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ಒಂದು ಪಟ್ಟು ಹೆಚ್ಚಿರುವುದರಿಂದ ನೀರು 120 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಬೋರ್‌ವೆಲ್ಲಿನ ಗಡುಸು ನೀರೂ ಸೇರಿದರೆ ತೊಗರಿಬೇಳೆ ಬೇಯುವುದು ದೊಡ್ಡ ಪರೀಕ್ಷೆಯೇ. ಬಯಲುಸೀಮೆಯ ಮನೆಗಳಿಗೆ ಕುಕ್ಕರು ಉಳಿಸಿಕೊಟ್ಟ ಸೌದೆ, ಸೀಮೆಎಣ್ಣೆ, ಸಮಯ ಮೂರೂ ಸಣ್ಣವಲ್ಲ. ಒಂದರ ಮೇಲೊಂದು ಡಬ್ಬಿಯಿಟ್ಟು ಅನ್ನ, ಬೇಳೆ, ತರಕಾರಿ ಒಮ್ಮೆಗೇ ಬೇಯಿಸುವ ಕ್ರಮ ಈ ಪಾತ್ರೆಯ ಜೊತೆಗೇ ಬೆಳೆಯಿತು. ಗಡಿಯಾರ ನೋಡುವ ಬದಲು ಕೂಗು ಎಣಿಸುವುದು ರೂಢಿಯಾಯಿತು: ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಾಳಿಗೆ ಇನ್ನೂ ಹೆಚ್ಚು. ತಯಾರಕರ ಕೈಪಿಡಿಗಳು ಒತ್ತಡ ಬಂದ ಮೇಲೆ ಉರಿ ತಗ್ಗಿಸಿ ನಿಮಿಷ ಎಣಿಸಿ ಎಂದು ಎಷ್ಟು ಹೇಳಿದರೂ ಮನೆಗಳು ಕೂಗಿನ ಲೆಕ್ಕವನ್ನೇ ಉಳಿಸಿಕೊಂಡವು.

ಮುಚ್ಚಳದಲ್ಲಿ ಎರಡು ಪಂಥಗಳಿವೆ. ಒಳಮುಚ್ಚಳದ ಕುಕ್ಕರಿನಲ್ಲಿ ಹಬೆಯೇ ಮುಚ್ಚಳವನ್ನು ಒಳಗಿನಿಂದ ಅಂಚಿಗೆ ಒತ್ತಿ ಹಿಡಿಯುತ್ತದೆ; ಒತ್ತಡ ಇಳಿಯದೆ ಅದು ತೆರೆಯದು. ಹೊರಮುಚ್ಚಳದ್ದರಲ್ಲಿ ಪಾತ್ರೆಯ ಬಾಯಿ ಅಗಲ, ತೊಳೆಯುವುದು ಸುಲಭ, ಡಬ್ಬಿಗಳು ಸಲೀಸಾಗಿ ಇಳಿಯುತ್ತವೆ. ಎರಡರಲ್ಲೂ ಮನೆಯವರ ದೂರುಗಳು ಅವೇ: ಗ್ಯಾಸ್ಕೆಟ್ ಸಡಿಲವಾಗಿ ಹಬೆ ಸೋರುವುದು, ಬೇಳೆಯ ನೊರೆ ಉಕ್ಕಿ ಹಬೆರಂಧ್ರ ಕಟ್ಟಿಕೊಳ್ಳುವುದು, ಅಲ್ಯೂಮಿನಿಯಂ ತಳ ಕಪ್ಪಾಗುವುದು. ತಳದ ನೀರಿಗೆ ಹುಣಸೆ ಸಿಪ್ಪೆಯನ್ನೋ ಹಿಂಡಿದ ನಿಂಬೆಯ ಹೋಳನ್ನೋ ಹಾಕುವ ಉಪಾಯವನ್ನು ಗೃಹಿಣಿಯರೇ ಕಂಡುಕೊಂಡರು. ರಂಧ್ರ ಕಟ್ಟಿ, ಸುರಕ್ಷಾ ಕವಾಟವೂ ಕೈಕೊಟ್ಟಾಗ ಕುಕ್ಕರು ಸಿಡಿಯುತ್ತಿತ್ತು. ಇಂಥ ಅವಘಡಗಳಿಗೆ ಅಗ್ಗದ ನಕಲಿ ಕವಾಟಗಳು ಕಾರಣವೆಂದು ತಿಳಿದಾಗ ಟಿ.ಟಿ.ಕೆ. ಸಮೂಹದ ಟಿ.ಟಿ. ಜಗನ್ನಾಥನ್ ಮುಚ್ಚಳದ ಅಂಚಿನಲ್ಲೊಂದು ಸೀಳು ಬಿಡಿಸಿದರು. ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ಟೇ ಆ ಸೀಳಿನಿಂದ ಹೊರಚಾಚಿ ಹಬೆಯನ್ನು ಕೆಳಮುಖವಾಗಿ ಬಿಡುತ್ತದೆ. ಬಳಕೆದಾರರು ನಕಲಿ ಬಿಡಿಭಾಗ ಕೊಂಡೇ ಕೊಳ್ಳುತ್ತಾರೆ ಎಂಬುದನ್ನು ಒಪ್ಪಿಕೊಂಡು ರೂಪಿಸಿದ ಈ ವ್ಯವಸ್ಥೆ ಭಾರತೀಯ ಗೃಹೋಪಕರಣಗಳ ವಿನ್ಯಾಸದಲ್ಲೇ ಅತ್ಯಂತ ಮಾನವೀಯವಾದವುಗಳಲ್ಲಿ ಒಂದು. ಮನೆಬಳಕೆಯ ಕುಕ್ಕರಿಗೆ ಐ.ಎಸ್.ಐ. ಮುದ್ರೆಯನ್ನು ಕಡ್ಡಾಯಗೊಳಿಸುವ ಕೇಂದ್ರ ಸರ್ಕಾರದ ಗುಣಮಟ್ಟ ನಿಯಂತ್ರಣ ಆದೇಶ ಹೊರಬಿದ್ದದ್ದು 2020ರಲ್ಲಿ.

ಅರೆಯುವ ಕೆಲಸಕ್ಕೆ ಯಂತ್ರ ಹುಡುಕಿದ್ದು ಇದಕ್ಕಿಂತ ಕಷ್ಟದ ಕಥೆ. 1950–60ರ ದಶಕಗಳಲ್ಲಿ ಶ್ರೀಮಂತರ ಮನೆಗಳಿಗೆ ವಿದೇಶಿ ಬ್ಲೆಂಡರುಗಳು ಬರುತ್ತಿದ್ದವು. ಹಣ್ಣಿನ ರಸ, ಸೂಪು, ಮೊಟ್ಟೆಯ ಮಿಶ್ರಣಗಳಿಗೆಂದು ಮಾಡಿದ ಅವುಗಳ ಮೋಟಾರು ನೆನೆಸಿದ ಉದ್ದಿಗೆ, ಒಣಕೊಬ್ಬರಿಗೆ, ಅರಿಸಿನದ ಕೊಂಬಿಗೆ ಸೋಲುತ್ತಿತ್ತು. ಬ್ಲೇಡು ತಡೆದು ನಿಂತಾಗ ಮೋಟಾರು ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಸುರುಳಿ ಬಿಸಿಯೇರಿ ತಂತಿಯ ಮೇಲಿನ ಲೇಪ ಕರಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಮುಂಬಯಿಯ ಮಾಧುರಿ ಮಾಥುರ್ ಅವರ ಜರ್ಮನ್ ಮಿಕ್ಸರಿಗೂ ಆದದ್ದು ಇದೇ. ಅದನ್ನು ರಿಪೇರಿ ಮಾಡಿಕೊಡುವವರು ದೇಶದಲ್ಲಿರಲಿಲ್ಲ. ಅವರ ಪತಿ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್ ಕಂಪನಿಯ ಎಂಜಿನಿಯರ್. ಭಾರತೀಯ ಅರೆತಕ್ಕೆ ತಾಳುವ ಮೋಟಾರನ್ನು ಅವರು ವಿನ್ಯಾಸ ಮಾಡಿದರು, 1963ರಲ್ಲಿ ‘ಸುಮೀತ್’ ಮಾರುಕಟ್ಟೆಗೆ ಬಂತು. ಮುಂದಿನ ಎರಡು ದಶಕ ಮಿಕ್ಸರ್ ಎಂದರೆ ಸುಮೀತ್ ಎನ್ನುವಷ್ಟು ಅದು ಹಬ್ಬಿತು. 1978ರಲ್ಲಿ ಚೆನ್ನೈಯ ಪ್ರೀತಿ ಕಂಪನಿ ಕಣಕ್ಕಿಳಿಯಿತು, ದಕ್ಷಿಣದ ಮಾರುಕಟ್ಟೆಗೆ ಹಲವು ತಯಾರಕರು ಬಂದರು.

ಈ ಯಂತ್ರ ವಿದೇಶಿ ಬ್ಲೆಂಡರಿನಿಂದ ದೂರ ಸರಿದ ಬಗೆ ಗಮನಾರ್ಹ. ಗಾಜಿನ ಜಾರಿನ ಬದಲು ಸ್ಟೀಲಿನದು ಬಂತು. ಹಿಟ್ಟಿಗೊಂದು, ಪುಡಿಗೊಂದು, ಚಟ್ನಿಗೊಂದು ಎಂದು ಮೂರು ಜಾರುಗಳಾದವು, ಪ್ರತಿಯೊಂದಕ್ಕೂ ಬ್ಲೇಡಿನ ಬಾಗು ಬೇರೆ. ಇಬ್ಬರ ಮನೆಯ ಒಂದು ಹಿಡಿ ಕಾಯಿಚಟ್ನಿಗೆ ದೊಡ್ಡ ಜಾರಿನಲ್ಲಿ ಬ್ಲೇಡು ಗಾಳಿಯಲ್ಲೇ ತಿರುಗುತ್ತದೆ. ಚಟ್ನಿ ಜಾರು ಹುಟ್ಟಿದ್ದು ಆ ಕೊರತೆಯಿಂದ. ಮೋಟಾರಿನಿಂದ ಬ್ಲೇಡಿಗೆ ತಿರುಗುವ ಬಲ ದಾಟಿಸುವ ಕಪ್ಲರನ್ನು ಬೇಕೆಂದೇ ಮೆತ್ತನೆಯ ವಸ್ತುವಿನಿಂದ ಮಾಡಲಾಗುತ್ತದೆ: ಬ್ಲೇಡು ಸಿಕ್ಕಿಕೊಂಡರೆ ಕೆಲವು ರೂಪಾಯಿಯ ಕಪ್ಲರ್ ಹಲ್ಲು ಮುರಿದುಕೊಂಡು ದುಬಾರಿ ಮೋಟಾರನ್ನು ಉಳಿಸುತ್ತದೆ. ತಳದಲ್ಲಿರುವ ಕೆಂಪು ಗುಂಡಿ ಹೊರೆ ಹೆಚ್ಚಾದಾಗ ವಿದ್ಯುತ್ತು ಕಡಿಯುತ್ತದೆ. ಮಿಕ್ಸರು ಸತ್ತೇ ಹೋಯಿತೆಂದು ಅಂಗಡಿಗೆ ಹೊತ್ತು ತಂದವರಿಗೆ ಮೆಕ್ಯಾನಿಕ್ ಆ ಗುಂಡಿಯನ್ನು ಒತ್ತಿ ತೋರಿಸಿ ಕಳಿಸುವುದು ಇಂದಿಗೂ ನಡೆಯುತ್ತದೆ. ಐದು ನಿಮಿಷ ಓಡಿಸಿ ಎರಡು ನಿಮಿಷ ಬಿಡಬೇಕು ಎಂಬ ಸೂಚನೆ ತಳದ ಫಲಕದಲ್ಲಿ ಚಿಕ್ಕ ಅಕ್ಷರಗಳ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಓದಬೇಕಾದವರ ಕಣ್ಣಿಗೆ ಬೀಳುವುದೇ ಇಲ್ಲ. ಜಾರನ್ನು ಕಂಠಮಟ್ಟ ತುಂಬುವುದು, ತಳದ ಬುಷ್ ಸವೆದು ನೀರು ಮೋಟಾರಿಗೆ ಇಳಿಯುವುದು, ಕಾರ್ಬನ್ ಬ್ರಷ್ ತೀರಿ ಕಿಡಿ ಹಾರುವುದು ರಿಪೇರಿ ಅಂಗಡಿಗಳ ನಿತ್ಯದ ಕೆಲಸ.

ಬಳಿಕ ವ್ಯಾಟ್‌ಗಳ ಪೈಪೋಟಿ ಶುರುವಾಯಿತು. 500 ಇದ್ದದ್ದು 750 ಆಗಿ, 1000 ದಾಟಿತು. ಪೆಟ್ಟಿಗೆಯ ಮೇಲಿನ ಈ ಅಂಕಿ ಮೋಟಾರು ಎಳೆಯುವ ವಿದ್ಯುತ್ತನ್ನು ತಿಳಿಸುತ್ತದೆಯೇ ಹೊರತು ಅರೆತದ ನುಣುಪನ್ನು ತಿಳಿಸುವುದಿಲ್ಲ. ಬ್ಲೇಡಿನ ಆಕಾರ, ಜಾರಿನ ತಳದ ಬಾಗು, ಬುಷ್ಷಿನ ಗುಣ ಅಷ್ಟೇ ಮುಖ್ಯ, ಮತ್ತು ಅವು ಯಾವುದೂ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಮಿಕ್ಸರಿಗೆ ಒಂದು ಕೆಲಸ ಮಾತ್ರ ಒಗ್ಗಲಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡು ಕಾಳನ್ನು ಕತ್ತರಿಸುತ್ತದೆ, ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ನಿಧಾನವಾಗಿ ಜಜ್ಜಿ ಅರೆಯುವಾಗ ಉದ್ದಿಗೆ ಗಾಳಿ ಸೇರಿ ಹಿಟ್ಟು ಉಬ್ಬುತ್ತದೆ. ಅದೇ ಅಳತೆಯ ಉದ್ದು ಮಿಕ್ಸರಿನಲ್ಲಿ ಅಷ್ಟು ಹಿಟ್ಟಾಗುವುದಿಲ್ಲ, ಇಡ್ಲಿಯೂ ಮೆತ್ತಗಾಗುವುದಿಲ್ಲ. ಇದಕ್ಕೆ ಉತ್ತರ ಕೊಯಮತ್ತೂರಿನಿಂದ ಬಂತು. ಬಟ್ಟೆ ಗಿರಣಿ, ಪಂಪು, ಮೋಟಾರು ತಯಾರಿಕೆಗೆ ಹೆಸರಾದ ಆ ಊರಿನ ಪಿ. ಸಭಾಪತಿ 1955ರಲ್ಲಿ ವಿದ್ಯುತ್ ಚಾಲಿತ ವೆಟ್ ಗ್ರೈಂಡರ್ ರೂಪಿಸಿದರೆಂದು ಪ್ರತೀತಿ. ಕೈಯಲ್ಲಿ ಗುಂಡು ತಿರುಗಿಸುವ ಬದಲು ಇಲ್ಲಿ ಕಲ್ಲಿನ ತಳದ ಪಾತ್ರೆಯೇ ತಿರುಗುತ್ತದೆ. ಮೊದಲು ಹೋಟೆಲುಗಳು ಅದನ್ನು ಕೊಂಡವು. ನಂತರ ಮನೆಗೆ ವಾಲಿಸುವ ಮಾದರಿ, ಆಮೇಲೆ ಕಟ್ಟೆಯ ಮೇಲಿಡಬಹುದಾದ ಎರಡು–ಮೂರು ಶಂಕುಗಲ್ಲುಗಳ ಸಣ್ಣ ಮಾದರಿ ಬಂದವು. ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. 2011ರಿಂದ ತಮಿಳುನಾಡು ಸರ್ಕಾರ ಮಿಕ್ಸರ್, ಗ್ರೈಂಡರ್, ಫ್ಯಾನುಗಳನ್ನು ಉಚಿತವಾಗಿ ಹಂಚಿತು. ರುಬ್ಬುವ ದುಡಿಮೆ ಸರ್ಕಾರದ ಗಮನಕ್ಕೆ ಬಂದ ಅಪರೂಪದ ಸಂದರ್ಭವದು. ಗ್ರೈಂಡರಿನ ಮೇಲಿರುವ ದೂರು ಅದರ ಭಾರದ್ದು, ತೊಳೆಯುವ ತಾಪತ್ರಯದ್ದು. ವಯಸ್ಸಾದವರಿಗೆ ಕಲ್ಲನ್ನು ಎತ್ತಿಳಿಸುವುದು ಸುಲಭವಲ್ಲ, ಅನೇಕ ಮನೆಗಳಲ್ಲಿ ಒಳ್ಳೆಯ ಗ್ರೈಂಡರು ಮೂಲೆಯಲ್ಲಿ ಕೂತಿರುವುದು ಇದೇ ಕಾರಣಕ್ಕೆ.

ಅಮೆರಿಕಕ್ಕೆ ಹೋದ ಕನ್ನಡಿಗರು ಈ ಎರಡೂ ಯಂತ್ರಗಳನ್ನು ಸಾಮಾನಿನಲ್ಲಿ ಕಟ್ಟಿಕೊಂಡು ಹೋದರು. ಭಾರತದ 230 ವೋಲ್ಟಿನ ಮಿಕ್ಸರು ಅಲ್ಲಿನ 120 ವೋಲ್ಟಿನಲ್ಲಿ ಸೊರಗಿ ತಿರುಗುತ್ತದೆ. ಭಾರದ ಟ್ರಾನ್ಸ್‌ಫಾರ್ಮರ್ ಕೂಡ ಬೇಕಾಗುತ್ತಿತ್ತು. ಈಗ ಭಾರತೀಯ ಕಂಪನಿಗಳೇ ಅಲ್ಲಿಗಾಗಿ 110 ವೋಲ್ಟಿನ ಮಾದರಿಗಳನ್ನು ತಯಾರಿಸುತ್ತವೆ.

ರೆಫ್ರಿಜರೇಟರ್ ರುಬ್ಬುವ ಕೆಲಸದ ವೇಳಾಪಟ್ಟಿಯನ್ನೇ ಬದಲಿಸಿತು. ಗೋದ್ರೆಜ್ 1958ರಲ್ಲಿ ದೇಶದಲ್ಲಿ ಫ್ರಿಜ್ ತಯಾರಿಸತೊಡಗಿದರೂ ಭಾರೀ ತೆರಿಗೆಯ ಐಷಾರಾಮಿ ವಸ್ತುವಾಗಿ ಅದು ದಶಕಗಟ್ಟಲೆ ಮಧ್ಯಮವರ್ಗದ ಕೈಗೆಟುಕಲಿಲ್ಲ. ಎಟುಕಿದ ಮೇಲೆ ಭಾನುವಾರ ರುಬ್ಬಿದ ಹಿಟ್ಟು ಗುರುವಾರದವರೆಗೆ ಬಂತು. ಮುಂದಿನ ಹೆಜ್ಜೆ ರುಬ್ಬುವುದನ್ನೇ ಹೊರಗೆ ಕೊಡುವುದು. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಡಿ ಫ್ರೆಶ್ ಪ್ಯಾಕೆಟಿನ ಇಡ್ಲಿ–ದೋಸೆ ಹಿಟ್ಟನ್ನು ದೊಡ್ಡ ಉದ್ಯಮವಾಗಿಸಿತು. ಫ್ರಿಜ್ ಇಲ್ಲದ ಅಂಗಡಿ, ಫ್ರಿಜ್ ಇಲ್ಲದ ಮನೆ ಇದ್ದಿದ್ದರೆ ಆ ಪ್ಯಾಕೆಟ್ಟಿಗೆ ಬದುಕಿರಲಿಲ್ಲ.

ಒಲೆಯ ಕಥೆ ಕೊರತೆಯ ಕಥೆ. ಇಂಡೇನ್ ಅಡುಗೆ ಅನಿಲ 1965ರಲ್ಲಿ ಕೊಲ್ಕತ್ತದಲ್ಲಿ ಆರಂಭವಾಯಿತು. ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವುದು, ಸಂಸದರ ಕೋಟಾದ ಕೂಪನ್ನಿಗಾಗಿ ಓಡಾಡುವುದು 1990ರ ದಶಕದವರೆಗೂ ಸಾಮಾನ್ಯವಾಗಿತ್ತು. ಹಳ್ಳಿಗಳ ಸೌದೆ ಒಲೆಯ ಕಡೆ ನೋಡಿದವರು ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದ ‘ಅಸ್ತ್ರ ಒಲೆ’ ಇದಕ್ಕೆ ಗೌರವದ ಅಪವಾದ. ಹೊಗೆ ಕೊಳವೆಯ ಮೂಲಕ ಹೊರಹೋಗಿ, ಕಡಿಮೆ ಸೌದೆಯಲ್ಲಿ ಅಡುಗೆ ಆಗುವಂತೆ ಅದನ್ನು ರೂಪಿಸಲಾಗಿತ್ತು. 2012ರ ಸೆಪ್ಟೆಂಬರಿನಲ್ಲಿ ಸಬ್ಸಿಡಿ ಸಿಲಿಂಡರುಗಳ ಸಂಖ್ಯೆ ವರ್ಷಕ್ಕೆ ಆರಕ್ಕೆ ಇಳಿದಾಗ ನಗರದ ಮನೆಗಳು ಇಂಡಕ್ಷನ್ ಒಲೆಯತ್ತ ತಿರುಗಿದವು. ಅಂಗಡಿಯಲ್ಲಿ ಯಾರೂ ಹೇಳದ ಸಂಗತಿ ಮನೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು: ಕಾಂತ ಅಂಟದ ತಳದ ಪಾತ್ರೆ ಅದರ ಮೇಲೆ ಕಾಯದು. ಅಲ್ಯೂಮಿನಿಯಂ ಕುಕ್ಕರು, ಹಿತ್ತಾಳೆ ಪಾತ್ರೆ ಎರಡೂ ನಿರುಪಯುಕ್ತವಾಗಿ, ಒಲೆಯ ಬೆಲೆಗೆ ಹೊಸ ಪಾತ್ರೆಗಳ ಬೆಲೆ ಸೇರಿತು. ಕುಕ್ಕರ್ ತಯಾರಕರು ಉಕ್ಕಿನ ತಟ್ಟೆ ಬೆಸೆದ ತಳದ ಮಾದರಿಗಳನ್ನು ತಂದದ್ದು ಈ ಬೇಡಿಕೆಯಿಂದ.

ಈ ಎಲ್ಲ ವಿದ್ಯುತ್ ಯಂತ್ರಗಳ ಆಯುಷ್ಯವನ್ನು ನಿರ್ಧರಿಸಿದ ಇನ್ನೊಂದು ಅಂಶ ವೋಲ್ಟೇಜು. ಬೇಸಿಗೆಯ ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಬಲ್ಬು ಮಂಕಾಗುತ್ತಿದ್ದ ಊರುಗಳಲ್ಲಿ ಫ್ರಿಜ್ಜಿನ ಕಂಪ್ರೆಸರ್ ಸುಡುವುದು ಅಪರೂಪವಲ್ಲ. ಕೇರಳದ ವಿ-ಗಾರ್ಡ್ 1977ರಲ್ಲಿ ಹುಟ್ಟಿದ್ದೇ ಸ್ಟೆಬಿಲೈಸರ್ ತಯಾರಿಕೆಗಾಗಿ. ಕರ್ನಾಟಕದಲ್ಲಿ ಪಂಪ್‌ಸೆಟ್ ಮಾರ್ಗವನ್ನೂ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಹಳ್ಳಿಯ ಮನೆಗಳಲ್ಲೂ ಮಿಕ್ಸರ್ ಬೇಕಾದ ಹೊತ್ತಿಗೆ ತಿರುಗುವ ಭರವಸೆ ಹೆಚ್ಚಿತು.

ಕೊಂಡ ವಸ್ತು ಕೆಟ್ಟಾಗ ಯಾರನ್ನು ಕೇಳುವುದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಸಿಕ್ಕಿದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ. ವಕೀಲರಿಲ್ಲದೆಯೂ ಜಿಲ್ಲಾ ವೇದಿಕೆಗೆ ದೂರು ಕೊಡಲು ಅದು ದಾರಿ ಮಾಡಿತು. ಅದರ ಜಾಗಕ್ಕೆ ಬಂದ 2019ರ ಕಾಯ್ದೆ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕರನ್ನೇ ಹೊಣೆ ಮಾಡುತ್ತದೆ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಡುತ್ತದೆ. ಆದರೂ ಹೆಚ್ಚಿನ ತಕರಾರುಗಳು ಬಗೆಹರಿಯುವುದು ಬಡಾವಣೆಯ ರಿಪೇರಿ ಅಂಗಡಿಯಲ್ಲಿ. ಹಳೆಯ ಮಿಕ್ಸರಿಗೆ ಬೇಕಾದ ಕಪ್ಲರ್, ಬುಷ್, ಬ್ರಷ್ ಯಾವ ಪೇಟೆಯಲ್ಲೂ ಸಿಗುತ್ತವೆ, ಸುಟ್ಟ ಮೋಟಾರಿಗೆ ಮತ್ತೆ ಸುರುಳಿ ಸುತ್ತಿಸಬಹುದು. ಇಂಡಕ್ಷನ್ ಒಲೆಯ, ಟಚ್ ಫಲಕದ ಹೊಸ ಯಂತ್ರಗಳ ಎಲೆಕ್ಟ್ರಾನಿಕ್ ಬೋರ್ಡನ್ನು ಬಿಡಿಸಿ ಸರಿಪಡಿಸುವವರು ಕಡಿಮೆ. ಬೋರ್ಡನ್ನೇ ಬದಲಿಸಬೇಕು, ಅದರ ಬೆಲೆ ಹೊಸ ಒಲೆಗೆ ಹತ್ತಿರ ಬರುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆದ ದುರಸ್ತಿ ಹಕ್ಕಿನ ಜಾಲತಾಣದಲ್ಲಿ ಬಿಡಿಭಾಗ, ವಾರಂಟಿ, ಸೇವಾ ಕೇಂದ್ರಗಳ ಮಾಹಿತಿಯನ್ನು ಕಂಪನಿಗಳು ಪ್ರಕಟಿಸುತ್ತವೆ.