ಕಡಲಂಚಿನಲ್ಲಿ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ

ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಊರ ಕೊಳಚೆ ಸಮುದ್ರ ಸೇರುವ ಜಾಗದ ನೀರನ್ನು 1945ರಲ್ಲಿ ಜುಸೆಪ್ಪೆ ಬ್ರೊಟ್ಸು ಪರೀಕ್ಷಿಸಿದರು. ಅಲ್ಲಿ ಸಿಕ್ಕ ಶಿಲೀಂಧ್ರವೊಂದು ಟೈಫಾಯ್ಡ್ ರೋಗಾಣುವನ್ನೂ ತಡೆಯುತ್ತಿತ್ತು. ಇಂದು ಆಸ್ಪತ್ರೆಗಳಲ್ಲಿ ದಿನವೂ ಬಳಕೆಯಾಗುವ ಸೆಫಲೊಸ್ಪೊರಿನ್ ಔಷಧಗಳ ಮೂಲ ಅದೇ. ಹೀಗೆ ಕೊಳಚೆ ಬೆರೆತ ಕಡಲಿನಿಂದಲೇ ಒಂದು ದೊಡ್ಡ ಔಷಧ ಕುಲ ಹುಟ್ಟಿದರೂ, ಔಷಧನಿರೋಧದ ಅಧ್ಯಯನ ಬಹುಕಾಲ ರೋಗಿಯ ಹಾಸಿಗೆಯ ಸುತ್ತಲೇ ಉಳಿಯಿತು. ಸಮುದ್ರಕ್ಕೆ ಬಿಟ್ಟದ್ದೆಲ್ಲ ತೆಳುವಾಗಿ ಇಲ್ಲವಾಗುತ್ತದೆ ಎಂಬ ಭಾವನೆ ಬೇರೂರಿತ್ತು.

ಅದನ್ನು ಅಲುಗಾಡಿಸಲು ಬೇಕಾದ ತಿಳಿವಳಿಕೆ ಬಂದದ್ದು ಜಪಾನಿನಿಂದ. 1950ರ ದಶಕದಲ್ಲಿ ಅಲ್ಲಿ ಆಮಶಂಕೆ ತರುವ ಶಿಗೆಲ್ಲಾ ಏಕಕಾಲಕ್ಕೆ ಹಲವು ಔಷಧಗಳಿಗೆ ಜಗ್ಗದಾಯಿತು. ನಿರೋಧದ ಗುಣ ಪೀಳಿಗೆಯಿಂದ ಪೀಳಿಗೆಗೆ ಇಳಿಯುವುದಷ್ಟೇ ಅಲ್ಲ, ಪಕ್ಕದ ಮನೆಗೆ ಹೆಪ್ಪು ಕೊಟ್ಟಂತೆ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ ಎಂಬುದನ್ನು ತ್ಸುತೊಮು ವಾತಾನಾಬೆ 1963ರ ತಮ್ಮ ಸಮೀಕ್ಷೆಯಲ್ಲಿ ಜಗತ್ತಿಗೆ ವಿವರಿಸಿದರು. ಹಾಗೆ ದಾಟುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ. ಮುಂದೆ ತಕಾಶಿ ಆಓಕಿ ಮತ್ತು ಸಂಗಡಿಗರು ಜಪಾನಿನ ಸಾಕು ಮೀನುಗಳ ರೋಗಾಣುಗಳಲ್ಲೂ ಅಂಥ ಪ್ಲಾಸ್ಮಿಡ್‌ಗಳನ್ನು ಗುರುತಿಸಿದರು.

ನಂತರ ಗಮನ ಮೀನಿನಿಂದ ಕೆಸರಿಗೆ ಇಳಿಯಿತು. 1987ರಲ್ಲಿ ನಾರ್ವೆಯ ಮೀನು ಸಾಕಣೆಯಲ್ಲಿ ಸುಮಾರು 50 ಟನ್ ಆ್ಯಂಟಿಬಯೋಟಿಕ್ ಬಳಕೆಯಾಯಿತು. ಮೇವಿನೊಂದಿಗೆ ಹಾಕಿದ ಔಷಧದ ಒಂದು ಪಾಲು ಮೀನಿಗೆ ದಕ್ಕದೆ ತಳ ಸೇರಿ, ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಉಪ್ಪುನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಅಂಟಿಕೊಂಡು ಅದರ ಬಲ ಕುಗ್ಗಿಸುತ್ತವೆ. ಇದು ಸಮಾಧಾನದ ಸಂಗತಿಯಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲಲಾರದಷ್ಟು ಕಡಿಮೆ ಔಷಧವೂ ನಿರೋಧವುಳ್ಳವನ್ನೇ ಆರಿಸಿ ಬೆಳೆಸಬಲ್ಲದು. ನಾರ್ವೆ ಮೀನುಗಳಿಗೆ ಲಸಿಕೆ ಹಾಕತೊಡಗಿತು. 1990ರ ದಶಕ ಮುಗಿಯುವುದರೊಳಗೆ ಸಾಲ್ಮನ್ ಉತ್ಪಾದನೆ ಹಲವು ಪಟ್ಟು ಏರಿದರೂ ಔಷಧ ಬಳಕೆ ಶೇ 90ಕ್ಕೂ ಹೆಚ್ಚು ಇಳಿದಿತ್ತು. ಅದೇ ಸಾಲ್ಮನ್ ಸಾಕುವ ಚಿಲಿಯಲ್ಲಿ 2014ರಲ್ಲಿ ಬಳಕೆ 500 ಟನ್ ಮೀರಿತ್ತು. ಇಂಥ ಬಳಕೆ ಅನಿವಾರ್ಯ ಎನ್ನುವವರ ಮುಂದೆ ಇಡಲು ಈ ಎರಡು ದೇಶಗಳ ಲೆಕ್ಕಕ್ಕಿಂತ ಬಲವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಕೆಸರಿನ ಈ ಅಧ್ಯಯನಗಳಲ್ಲಿ ಪ್ರಶ್ನೆ ಒಂದೇ ದಿಕ್ಕಿನದಾಗಿತ್ತು: ನೆಲದ ಕೊಳೆ ಕಡಲನ್ನು ಏನು ಮಾಡುತ್ತದೆ? ದಿಕ್ಕು ತಿರುಗಿಸಿದ್ದು ಕ್ವಿನೊಲೋನ್ ಔಷಧಗಳ ಕತೆ. ಇವು ಪ್ರಕೃತಿಯಲ್ಲಿಲ್ಲದ, ಪ್ರಯೋಗಾಲಯದಲ್ಲಿ ಕಟ್ಟಿದ ಅಣುಗಳು. ಇವುಗಳ ವಿರುದ್ಧದ ನಿರೋಧ ಪ್ಲಾಸ್ಮಿಡ್ ಮೂಲಕ ಹರಡಲಾರದೆಂದು ಬಹುತೇಕರು ಎಣಿಸಿದ್ದರು. 1998ರಲ್ಲಿ ಅಮೆರಿಕದ ರೋಗಿಯೊಬ್ಬರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಅಂಥ ಪ್ಲಾಸ್ಮಿಡ್ ಇದ್ದುದು ವರದಿಯಾಯಿತು. ಅದರ ಜೀನ್ ಎಲ್ಲಿಂದ ಬಂತು? 2005ರಲ್ಲಿ ಲೊರಾಂ ಪ್ವಾರೆಲ್, ಪ್ಯಾಟ್ರೀಸ್ ನಾರ್ಡ್‌ಮನ್ ಮತ್ತು ಸಂಗಡಿಗರು ಜಾಡು ಹಿಡಿದು ತಲುಪಿದ್ದು ಶೆವಾನೆಲ್ಲಾ ಆಲ್ಗೇ ಎಂಬ ಕಡಲ ಬ್ಯಾಕ್ಟೀರಿಯಾವನ್ನು. ಅದರ ವರ್ಣತಂತುವಿನಲ್ಲಿ ಆ ಜೀನ್ ಸಹಜವಾಗಿಯೇ ಇತ್ತು. ಈ ಕ್ಷೇತ್ರದ ಅತಿ ಮುಖ್ಯ ತಿರುವು ಇದೇ ಎಂದು ನನ್ನ ಎಣಿಕೆ. ಕಡಲು ನಿರೋಧವನ್ನು ಬರಮಾಡಿಕೊಳ್ಳುವುದಷ್ಟೇ ಅಲ್ಲ, ಕೊಡುತ್ತದೆ ಕೂಡ.

ವಾಪಸು ಬರುವ ದಾರಿ ಮನುಷ್ಯರ ಮೈಯಲ್ಲೂ ಕಂಡಿತು. 2018ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಆ್ಯನ್ ಲಿಯೊನಾರ್ಡ್ ತಂಡ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರ ಕರುಳನ್ನು ಇತರರದರೊಂದಿಗೆ ಹೋಲಿಸಿತು. ಸೆಫೊಟಾಕ್ಸಿಮ್‌ಗೆ ಜಗ್ಗದ ಇ. ಕೋಲಿ ಸಿಕ್ಕಿದ್ದು ಸರ್ಫಿಂಗ್ ಮಾಡುವವರಲ್ಲಿ ಶೇ 9ರಷ್ಟು ಮಂದಿಯಲ್ಲಿ, ಉಳಿದವರಲ್ಲಿ ಶೇ 3ರಷ್ಟು ಮಂದಿಯಲ್ಲಿ. ಸೆಫೊಟಾಕ್ಸಿಮ್ ಬ್ರೊಟ್ಸು ಕಂಡ ಔಷಧ ಕುಲದ್ದೇ.

ನಮ್ಮ ಕರಾವಳಿಯ ಪಾಲೂ ಇದರಲ್ಲಿದೆ. ಟೈಗರ್ ಸಿಗಡಿಯ ಮರಿಗಳು ಹ್ಯಾಚರಿಯಲ್ಲಿ ಸಾಮೂಹಿಕವಾಗಿ ಸತ್ತದ್ದಕ್ಕೆ ಔಷಧನಿರೋಧಿ ವಿಬ್ರಿಯೊ ಹಾರ್ವೆಯಿ ಕಾರಣ ಎಂದು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಹೋದ್ಯೋಗಿಗಳು 1994ರಲ್ಲೇ ವರದಿ ಮಾಡಿದರು. ಕತ್ತಲಲ್ಲಿ ಬೆಳಗುವ ಈ ಬ್ಯಾಕ್ಟೀರಿಯಾ ತೊಟ್ಟಿಯ ಗೋಡೆಗೆ ಲೋಳೆಪದರವಾಗಿ ಅಂಟಿ ಕೂರಬಲ್ಲದು. ಔಷಧ ಅಲ್ಲಿಗೆ ತಲುಪುವುದು ಕಷ್ಟ. 2006ರಲ್ಲಿ ಮಂಗಳೂರಿನ ತಂಡವೇ ಇದನ್ನು ಕೊಲ್ಲುವ ವೈರಸ್, ಅಂದರೆ ಫೇಜ್, ಬಳಸಿ ಮರಿಗಳನ್ನು ಉಳಿಸಬಹುದೆಂದು ತೋರಿಸಿತು. ಆದರೆ ಕೆಲವು ಫೇಜ್‌ಗಳು ತಾವೇ ಒಂದು ಬ್ಯಾಕ್ಟೀರಿಯಾದ ಜೀನನ್ನು ಇನ್ನೊಂದಕ್ಕೆ ಸಾಗಿಸುತ್ತವೆ. ಆದ್ದರಿಂದ ತೊಟ್ಟಿಗೆ ಬಿಡುವ ಮೊದಲು ಪ್ರತಿ ಫೇಜಿನ ಜೀನ್‌ಗಳನ್ನೂ ಪೂರ್ತಿ ಓದಿ ನೋಡಬೇಕಾಗುತ್ತದೆ.