ಜಾವಿ ಹೆರ್ನಾಂಡೆಜ್ ಮತ್ತು ತೋರಣಗಲ್ಲಿನ ಅಂಗಳ: ಹಲವು ಪಾತ್ರಗಳ ಮಿಡ್‌ಫೀಲ್ಡರ್ ಒಬ್ಬನ ವೃತ್ತಿಜೀವನದ ಅಧ್ಯಯನ

ಇಂಡಿಯನ್ ಸೂಪರ್ ಲೀಗ್‌ನಲ್ಲಿ ಸ್ಪೇನಿನ ಮಿಡ್‌ಫೀಲ್ಡರ್‌ಗಳಿಗೆ ಬೇಡಿಕೆ ಏಕೆ ಎಂದು ಕೇಳಿದರೆ, ಅವರ ಕಾಲ್ಚಳಕವನ್ನು ಹೊಗಳುವುದು ರೂಢಿ. ನನ್ನ ವಾದ ಬೇರೆ. 2021–22ರ ಋತುವಿನಿಂದ ತಂಡವೊಂದು ಏಕಕಾಲಕ್ಕೆ ಆಡಿಸಬಹುದಾದ ವಿದೇಶಿಯರ ಸಂಖ್ಯೆ ಐದರಿಂದ ನಾಲ್ಕಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಒಂದೇ ಕೆಲಸ ಬಲ್ಲ ವಿದೇಶಿ ಆಟಗಾರ ತಂಡಕ್ಕೆ ದುಬಾರಿಯಾದ. ಗೋಲಿಗೆ ದಾರಿ ಮಾಡಿಕೊಡುವ, ತಾನೂ ಗೋಲು ಹೊಡೆಯುವ, ಚೆಂಡು ಕೈತಪ್ಪಿದರೆ ಹಿಂದಕ್ಕೆ ಓಡಿ ಬರುವ ಆಟಗಾರನ ಬೆಲೆ ಏರಿತು. ಜಾವಿ ಹೆರ್ನಾಂಡೆಜ್‌ನ ವೃತ್ತಿಜೀವನ ಇದಕ್ಕೆ ಒಳ್ಳೆಯ ನಿದರ್ಶನ.

1989ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಹುಟ್ಟಿದ ಆತ ರಿಯಲ್ ಮ್ಯಾಡ್ರಿಡ್‌ನ ಯುವ ತಂಡಗಳಲ್ಲಿ ಬೆಳೆದ. ಆ ಕ್ಲಬ್ಬಿನ ಹಿರಿಯ ತಂಡದಲ್ಲಿ ನೆಲೆ ಸಿಗಲಿಲ್ಲ. ಪೋಲೆಂಡಿನ ಕ್ರಾಕೋವಿಯಾ ಸೇರಿದಂತೆ ಹಲವು ಕ್ಲಬ್‌ಗಳಲ್ಲಿ ಆಡಿ, 2019ರಲ್ಲಿ ಕೋಲ್ಕತ್ತದ ಎಟಿಕೆಗೆ ಬಂದ. 2020ರ ಮಾರ್ಚ್ 14ರಂದು, ಕೊರೊನಾ ಭೀತಿಯಿಂದ ಪ್ರೇಕ್ಷಕರಿಲ್ಲದೆ ನಡೆದ ಫತೋರ್ಡಾದ ಫೈನಲ್‌ನಲ್ಲಿ ಎಟಿಕೆ ಚೆನ್ನೈಯಿನ್ ತಂಡವನ್ನು 3–1ರಿಂದ ಸೋಲಿಸಿತು. ಮೂರರಲ್ಲಿ ಎರಡು ಗೋಲು ಜಾವಿಯವು. ಇನ್ನೊಂದು, ಹಿಂದೆ ಬೆಂಗಳೂರು ಎಫ್‌ಸಿಯಲ್ಲಿ ಆಡಿದ್ದ ಎಡು ಗಾರ್ಸಿಯಾನದು.

2021ರ ನವೆಂಬರ್‌ನಲ್ಲಿ ಒಡಿಶಾ ಎಫ್‌ಸಿ ಪರ ಆಡುತ್ತ ಆತ ಬೆಂಗಳೂರಿನ ವಿರುದ್ಧವೇ ಎರಡು ಗೋಲು ಹೊಡೆದ. ಒಂದು, ಗೋಲ್‌ಕೀಪರ್ ಮುಂದೆ ಬಂದದ್ದನ್ನು ನೋಡಿ ದೂರದಿಂದ ಒದ್ದದ್ದು. ಇನ್ನೊಂದು ಫ್ರೀ ಕಿಕ್. ಮರುವರ್ಷ ಅದೇ ಬೆಂಗಳೂರು ಅವನನ್ನು ಕರೆಸಿಕೊಂಡಿತು. ಸೈಮನ್ ಗ್ರೇಸನ್ ತರಬೇತಿಯ ಆ ತಂಡದಲ್ಲಿ ಮುಂದೆ ರಾಯ್ ಕೃಷ್ಣ, ಶಿವಶಕ್ತಿ, ಸುನಿಲ್ ಛೆಟ್ರಿ ಇದ್ದರು. ಅವರ ಬೆನ್ನಿಗೆ ನಿಂತು ಚೆಂಡು ಹಂಚುವುದು, ಕಾರ್ನರ್ ಮತ್ತು ಫ್ರೀ ಕಿಕ್ ಒದೆಯುವುದು, ಎದುರಾಳಿ ನುಗ್ಗಿದಾಗ ಮಧ್ಯದ ಸಾಲು ತುಂಬುವುದು ಜಾವಿಯ ಪಾಲಿಗೆ ಬಂತು. 2022ರ ಸೆಪ್ಟೆಂಬರ್‌ನಲ್ಲಿ ತಂಡ ಡುರಾಂಡ್ ಕಪ್ ಗೆದ್ದಿತು. ಲೀಗ್‌ನಲ್ಲಿ ಮೊದಲು ಎಡವಿದರೂ ಸತತ ಎಂಟು ಪಂದ್ಯ ಗೆದ್ದು 2023ರ ಮಾರ್ಚ್ 18ರ ಫೈನಲ್ ತಲುಪಿತು. ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಗಳಲ್ಲಿ ಸೋತಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತ್ತು. ರಾಜ್ಯದ ಫುಟ್‌ಬಾಲ್ ಇತಿಹಾಸದಲ್ಲಿ ಆ ತಿಂಗಳಿಗೆ ಇನ್ನೂ ಸಲ್ಲಬೇಕಾದ ಗಮನ ಸಂದಿಲ್ಲ ಎಂದೇ ನನ್ನ ಭಾವನೆ.

2024ರಲ್ಲಿ ಜಾವಿ ಜಮ್ಷೆಡ್‌ಪುರಕ್ಕೆ ಹೋದ. ಬೆಂಗಳೂರು ಆ ಸಲ ಇನ್ನೊಬ್ಬ ಸ್ಪೇನಿಗ, ಗೋವಾ ಮತ್ತು ಮುಂಬೈ ತಂಡಗಳಲ್ಲಿ ಆಡಿದ್ದ ಆಲ್ಬರ್ಟೊ ನೊಗುವೆರಾನನ್ನು ತಂದಿತು. ಇವರಿಗೂ ಮೊದಲು ಡಿಮಾಸ್ ಡೆಲ್ಗಾಡೊ, ಎಡು ಗಾರ್ಸಿಯಾ, ಶಿಸ್ಕೊ ಹೆರ್ನಾಂಡೆಜ್ ಇದ್ದರು. ಆಟಗಾರರು ಬದಲಾದರೂ ನಡುಗಣದಲ್ಲಿ ಯೋಚಿಸಿ ಆಡುವ ಹೊಣೆ ವರ್ಷಾನುಗಟ್ಟಲೆ ಹೊರಗಿನವರ ಹೆಗಲ ಮೇಲೇ ಉಳಿದಿದೆ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದ ವಿನೀತ್ ವೆಂಕಟೇಶ್ ಕ್ಲಬ್ಬಿನ ಯುವ ತಂಡಗಳಿಂದಲೇ ಮೇಲೆ ಬಂದವನು ಎಂಬುದು ಹಾಗಾಗಿ ಮಹತ್ವದ ಸಂಗತಿ.

ಇಲ್ಲಿ ನಮ್ಮ ಬಳ್ಳಾರಿ–ವಿಜಯನಗರ ಸೀಮೆಯ ಮಾತು ಬರುತ್ತದೆ. ಬೆಂಗಳೂರು ಎಫ್‌ಸಿಯ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಅದರ ಉಕ್ಕಿನ ಕಾರ್ಖಾನೆ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. 2018ರಲ್ಲಿ ಅಲ್ಲೇ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಅಂಗಳದಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿಯ ಹುಡುಗರು ಪಳಗಿದ್ದಾರೆ. ಸುತ್ತಲಿನ ತಾಲ್ಲೂಕುಗಳಿಂದ ಅಲ್ಲಿಗೆ ತಲುಪಲು ದಾರಿಯೂ ಇದೆ. ಕೂಡ್ಲಿಗಿ ಸಂಡೂರಿಗೆ ಹೊಂದಿಕೊಂಡ ತಾಲ್ಲೂಕು. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳನ್ನು ಹೊಸಪೇಟೆಗೆ ಜೋಡಿಸುವ ರೈಲು ಹಳಿ ಇದೆ. ಹೊಸಪೇಟೆಯಿಂದ ಬಳ್ಳಾರಿ ಹಳಿ ಹಿಡಿದರೆ ತೋರಣಗಲ್ಲು. ಹೂವಿನಹಡಗಲಿಯವರಿಗೆ ಮಾತ್ರ ಬಸ್ಸೇ ಗತಿ. ಆಡಳಿತದ ನಕ್ಷೆಯಲ್ಲಿ 2021ರಿಂದ ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿವೆ, ತೋರಣಗಲ್ಲು ಬಳ್ಳಾರಿಯಲ್ಲೇ ಉಳಿದಿದೆ. ಆದರೂ ಆಟದ ದೃಷ್ಟಿಯಿಂದ ಇದು ಒಂದೇ ಸೀಮೆ.

ಕೂಡ್ಲಿಗಿಯ ಮಸಾರಿ ನೆಲದಲ್ಲಾಗಲಿ, ಹಡಗಲಿಯ ಎರೆ ನೆಲದಲ್ಲಾಗಲಿ ಹುಲ್ಲಿನ ಅಂಗಳ ಬೆಳೆಸುವುದು ಸುಲಭವಲ್ಲ, ನಿಜ. ಆದರೆ ಸ್ಪೇನಿನ ಮಿಡ್‌ಫೀಲ್ಡರ್‌ಗಳನ್ನು ರೂಪಿಸುವ ಮುಖ್ಯ ಅಭ್ಯಾಸವಾದ ‘ರೊಂಡೊ’ಗೆ ದೊಡ್ಡ ಅಂಗಳವೇ ಬೇಡ. ನಾಲ್ಕೈದು ಹುಡುಗರು ಸುತ್ತ ನಿಂತು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕು. ನಡುವೆ ಇರುವ ಒಬ್ಬಿಬ್ಬರು ಅದನ್ನು ಕಸಿಯಬೇಕು. ಕಸಿದರೆ, ಕಳೆದುಕೊಂಡವನು ನಡುವೆ ಬರಬೇಕು. ಚೆಂಡು ಕಾಲಿಗೆ ಬರುವ ಮೊದಲೇ ಸುತ್ತ ನೋಡಿಕೊಳ್ಳುವ ರೂಢಿ ಬೆಳೆಯುವುದು ಇಲ್ಲಿಂದಲೇ. ಆ ನೋಟ ಕೂಡಿಬಂದವನನ್ನು ಯಾವ ಜಾಗದಲ್ಲಿ ನಿಲ್ಲಿಸಿದರೂ ಆಡಬಲ್ಲ. ವಾಲಿಬಾಲ್ ಕೋರ್ಟು 18 ಮೀಟರ್ ಉದ್ದ, 9 ಮೀಟರ್ ಅಗಲ. ಅದರ ಅರ್ಧ, 9 ಮೀಟರ್ ಚೌಕ, ರೊಂಡೊಗೆ ಧಾರಾಳ ಸಾಕು. ವಾಲಿಬಾಲ್ ಕಂಬ ನೆಟ್ಟ ಶಾಲೆಗಳು ಈ ಸೀಮೆಯಲ್ಲಿ ಹೇರಳವಾಗಿವೆ.

ಐದೂ ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೆರಡು ಸಂಜೆ ನೆಟ್ ಬಿಚ್ಚಿ ಮಕ್ಕಳ ಕಾಲಿಗೆ ಚೆಂಡು ಕೊಡಿ, ಹೆಣ್ಣುಮಕ್ಕಳಿಗೂ ಕೊಡಿ. ತೋರಣಗಲ್ಲಿನ ತರಬೇತುದಾರರು ವರ್ಷಕ್ಕೊಮ್ಮೆಯಾದರೂ ಕೊಟ್ಟೂರು, ಹರಪನಹಳ್ಳಿಗಳಲ್ಲಿ ಆಯ್ಕೆ ಶಿಬಿರ ನಡೆಸಲಿ.