ಶಾಲೆಯ ಸುದ್ದಿ ಮನೆ ಮುಟ್ಟಿದ ಬಗೆ



ಕಳೆದ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಅವಳೂ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಮಾತಿನ ನಡುವೆ ಹತ್ತು ಸಲವಾದರೂ ಅವಳ ಮೊಬೈಲು ಸದ್ದು ಮಾಡಿತು. ಪೋಷಕರ ವಾಟ್ಸಪ್ ಗುಂಪಿಗೆ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕವನ್ನು ಹಾಕಿದ್ದಳಂತೆ. "ಸರ್, ಇದಿಲ್ಲದ ಕಾಲದಲ್ಲಿ ನೀವು ತಂದೆ ತಾಯಿಗಳಿಗೆ ಹೇಗೆ ತಿಳಿಸುತ್ತಿದ್ದಿರಿ?" ಎಂದು ಕೇಳಿದಳು. ಆ ಕ್ಷಣಕ್ಕೆ ಏನೋ ಹೇಳಿ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಶಾಲೆ ಮತ್ತು ಮನೆಯ ನಡುವೆ ಸುದ್ದಿ ಓಡಾಡಿದ ದಾರಿಗೂ ಒಂದು ಚರಿತ್ರೆಯಿದೆ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳಲ್ಲಿ ಇಂತಹ ಸಮಸ್ಯೆಯೇ ಇರಲಿಲ್ಲ. ಐಗಳು ಊರಿನ ಗುಡಿಯಲ್ಲೋ ಯಾರದೋ ಜಗಲಿಯ ಮೇಲೋ ಪಾಠ ಹೇಳುತ್ತಿದ್ದರು. ಹೊಲಕ್ಕೆ ಹೋಗುವ ತಂದೆ ಅದೇ ದಾರಿಯಲ್ಲಿ ಹಾದುಹೋಗುವಾಗ ಮಗ ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಣ್ಣಾರೆ ಕಾಣುತ್ತಿದ್ದ. ಮಹಾನವಮಿಯಲ್ಲಿ ಐಗಳೇ ಮಕ್ಕಳನ್ನು ಕಟ್ಟಿಕೊಂಡು ಚೌಪದ ಹೇಳಿಸುತ್ತ ಮನೆಮನೆಗೆ ಹೋಗುತ್ತಿದ್ದರು. ಕರಾವಳಿಯ ಕಡೆ ಹೂವಿನಕೋಲು ಎಂಬ ಹೆಸರಿನಲ್ಲಿ ಇಂಥದೇ ಪದ್ಧತಿ ಇತ್ತು. ಗುರುಗಳಿಗೆ ಕಾಣಿಕೆ ಸಲ್ಲುತ್ತಿತ್ತು, ಮಗು ಏನು ಕಲಿತಿದೆ ಎಂಬುದು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಇಂದಿನ ಪೋಷಕರ ಸಭೆಯನ್ನು ಅಂದು ಮನೆಯಂಗಳದಲ್ಲೇ ನಡೆಸುತ್ತಿದ್ದರೆಂದರೆ ತಪ್ಪಾಗಲಾರದು.

ಶಾಲೆಯು ಸರ್ಕಾರದ ವ್ಯವಸ್ಥೆಯಾದ ಮೇಲೆ ಈ ನಂಟು ಸಡಿಲವಾಯಿತು. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕೇವಲ ಮನೆಯವರ ಇಷ್ಟದ ಸಂಗತಿಯಲ್ಲ, ಅದು ಕರ್ತವ್ಯವೂ ಹೌದು ಎಂಬ ಭಾವನೆ ಅಲ್ಲಿಂದ ಬೆಳೆಯಿತು. ಕರ್ನಾಟಕದ ಏಕೀಕರಣವಾಗಿ ಹತ್ತು ವರ್ಷಗಳ ಬಳಿಕ, 1966ರಲ್ಲಿ, ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಯಿತು. ಈಗ ಎಸ್.ಎಸ್.ಎಲ್.ಸಿ.ಯ ದಿನಾಂಕಗಳೆಲ್ಲ ಬೆಂಗಳೂರಿನಲ್ಲಿ ನಿಗದಿಯಾಗುತ್ತವೆ. ಹೋಬಳಿಗೊಂದರಂತಿದ್ದ ಪ್ರೌಢಶಾಲೆಗೆ ಹತ್ತು ಹದಿನೈದು ಹಳ್ಳಿಗಳ ಮಕ್ಕಳು ನಡೆದು ಬರುತ್ತಿದ್ದರು. ಹೀಗಾಗಿ ಮೇಷ್ಟರಿಗೆ ತಂದೆಯ ಮುಖಪರಿಚಯವಿಲ್ಲ, ತಂದೆಗೆ ಶಾಲೆಯ ದಾರಿ ಗೊತ್ತಿಲ್ಲ. ನೋಟೀಸು ಎಂಬುದು ಹುಟ್ಟಿದ್ದು ಈ ದೂರದಿಂದಲೇ.

ನಾನು ಮೈಸೂರಿನಲ್ಲಿ ಬಿ.ಎಡ್. ಮುಗಿಸಿ 1984ರಲ್ಲಿ ಅರಸೀಕೆರೆ ಸೀಮೆಯ ಒಂದು ಪ್ರೌಢಶಾಲೆಗೆ ಸೇರಿದಾಗ ಇದ್ದ ಕ್ರಮ ಹೀಗಿತ್ತು. ಮುಖ್ಯೋಪಾಧ್ಯಾಯರು ಮೆಮೊ ಪುಸ್ತಕದಲ್ಲಿ ಸೂಚನೆ ಬರೆಯುತ್ತಿದ್ದರು. ಜವಾನ ಅದನ್ನು ತರಗತಿಯಿಂದ ತರಗತಿಗೆ ಒಯ್ಯುತ್ತಿದ್ದ. ಪಾಠ ನಿಲ್ಲಿಸಿ, ಗಟ್ಟಿಯಾಗಿ ಓದಿ, ನಾವು ಸಹಿ ಹಾಕುತ್ತಿದ್ದೆವು. ಅದೇ ಸೂಚನೆಯನ್ನು ಕಚೇರಿಯ ಮುಂದಿನ ಕಪ್ಪುಹಲಗೆಯ ಮೇಲೂ ಬರೆಯುತ್ತಿದ್ದೆವು. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಎಲ್ಲರೂ ನಂಬಿದ್ದೆವು, ನಾನೂ ನಂಬಿದ್ದೆ.

ಈ ಕ್ರಮದಲ್ಲಿ ಒಂದು ದೊಡ್ಡ ದೋಷವಿತ್ತು. ಸುದ್ದಿಯನ್ನು ಹೊತ್ತೊಯ್ಯುವ ದೂತ ವಿದ್ಯಾರ್ಥಿಯೇ ಆಗಿದ್ದ. ಅಂಕ ಕಡಿಮೆ ಬಂದಿದ್ದರೆ ಅದನ್ನು ಮುಚ್ಚಿಡಲು, ಹಣ ಬೇಕಾಗಿದ್ದರೆ ಕೇಳಲು ಹೆದರಲು, ಎಲ್ಲರಿಗಿಂತ ಹೆಚ್ಚಿನ ಕಾರಣವಿದ್ದದ್ದು ಅವನಿಗೇ. ಪ್ರಗತಿ ಪತ್ರಕ್ಕೆ ತಂದೆಯ ಹೆಬ್ಬೆಟ್ಟು ಹಾಕಿಸಿಕೊಂಡು ಬಾ ಎಂದರೆ ತನ್ನದೇ ಹೆಬ್ಬೆಟ್ಟು ಒತ್ತಿಕೊಂಡು ಬಂದ ಮಹಾಶಯರು ನಿಮ್ಮಲ್ಲೇ ಇದ್ದೀರಿ. ಗುರುತು ತೀರ ಚಿಕ್ಕದಾಗಿದೆಯಲ್ಲ ಎಂದು ನಾನು ಕೇಳಿದಾಗ, "ನಮ್ಮಪ್ಪನ ಬೆಳ್ಳು ಸಣ್ಣದು ಸಾರ್" ಎಂದವನನ್ನು ಇಂದೂ ಮರೆತಿಲ್ಲ. ಆ ದಿನ ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಆದರೆ 1986ರ ಕೊನೆಯಲ್ಲಿ ನಡೆದದ್ದಕ್ಕೆ ನಗುವಂತಿರಲಿಲ್ಲ. ಹತ್ತನೆಯ ತರಗತಿಯ ಒಬ್ಬ ಹುಡುಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿಯನ್ನೂ ಶುಲ್ಕವನ್ನೂ ಕೊಡಲಿಲ್ಲ. ದಂಡಶುಲ್ಕವಿಲ್ಲದ ದಿನಾಂಕ ಕಳೆಯಿತು, ದಂಡಶುಲ್ಕ ಸಹಿತ ದಿನಾಂಕವೂ ಕಳೆಯಿತು. ನಾನು ತರಗತಿಯಲ್ಲಿ ಮೂರು ಬಾರಿ ಓದಿ ಹೇಳಿದ್ದೆ. ಅವಳು ತಲೆ ತಗ್ಗಿಸಿ ಕುಳಿತಿರುತ್ತಿದ್ದಳು. ಅವಳ ತಂದೆ ತಾಯಿಗಳು ಕಾಫಿ ಹಣ್ಣು ಬಿಡಿಸಲು ಘಟ್ಟಕ್ಕೆ ಹೋಗಿದ್ದರು. ಮಳೆಯಿಲ್ಲದ ನಮ್ಮ ಸೀಮೆಯಿಂದ ಸಕಲೇಶಪುರ, ಮೂಡಿಗೆರೆಯ ತೋಟಗಳಿಗೆ ಆ ತಿಂಗಳುಗಳಲ್ಲಿ ಜನ ಹೋಗುವುದು ವಾಡಿಕೆ. ಮನೆಯಲ್ಲಿ ಇದ್ದವಳು ಕಣ್ಣು ಮಂಜಾದ ಅಜ್ಜಿಯೊಬ್ಬಳೇ. ಹುಡುಗಿ ಯಾರಿಗೆ ಹೇಳಬೇಕಿತ್ತು?

ತಂದೆ ಸುಗ್ಗಿ ಮುಗಿಸಿಕೊಂಡು ಬಂದವನು ನೇರವಾಗಿ ಶಾಲೆಗೆ ಬಂದ. ಟವಲನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. "ಒಂದ್ ಮಾತು ತಿಳಿಸ್ಬಾರ್ದಾಗಿತ್ತಾ ಮೇಷ್ಟ್ರೇ?" ಎಂದ. ಬೋರ್ಡಿನ ಮೇಲೆ ಬರೆದಿದ್ದೆವಲ್ಲ ಎಂದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. "ಬೋರ್ಡು ಘಟ್ಟಕ್ಕೆ ಬತ್ತದಾ ಮೇಷ್ಟ್ರೇ?" ಎಂದಷ್ಟೇ ಕೇಳಿದ. ಮುಂದಿನ ಪರೀಕ್ಷೆಗೆ ಕಟ್ಟಿಸೋಣ, ವರ್ಷವೇನೂ ಹಾಳಾಗುವುದಿಲ್ಲ ಎಂದು ಸಮಾಧಾನ ಹೇಳಿ ಕಳುಹಿಸಿದೆ. ಆ ಪರೀಕ್ಷೆ ಬರುವಷ್ಟರಲ್ಲಿ ಹುಡುಗಿಯ ಮದುವೆಯಾಗಿತ್ತು. ಗಣಿತದಲ್ಲಿ ತರಗತಿಗೆ ಮೊದಲಿಗಳಾಗಿದ್ದವಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲೇ ಇಲ್ಲ. ನಿಯಮದ ಪ್ರಕಾರ ನನ್ನ ತಪ್ಪೇನೂ ಇರಲಿಲ್ಲ, ಮೆಮೊ ಪುಸ್ತಕದಲ್ಲಿ ನನ್ನ ಸಹಿ ಇತ್ತು. ಆ ಸಹಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆ ಬೇಸಿಗೆಯಲ್ಲಿ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಕೊಂಡೆ. ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ 'ಮಾತು ಮುಟ್ಟುವ ದಾರಿ' ಎಂದು ಒಂದು ಕಾಲಂ ಹಾಕಿದೆ. ಒಬ್ಬನಿಗೆ ಹಾಲಿನ ಡೈರಿಯ ಕಾರ್ಯದರ್ಶಿ, ಇನ್ನೊಬ್ಬನಿಗೆ ಸಂಜೆ ಬಸ್ಸಿನ ಕಂಡಕ್ಟರ್, ಮತ್ತೊಬ್ಬಳಿಗೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಚಿಕ್ಕಮ್ಮ. ಘಟ್ಟಕ್ಕೆ ಹೋದವರಿಗೆ ತೋಟದ ಮೇಸ್ತ್ರಿಯ ಮುಖಾಂತರ ಅಂಚೆ ಕಾರ್ಡು. ಡೈರಿಯ ಗೋಡೆ ಶಾಲೆಯ ಬೋರ್ಡಿಗಿಂತ ಎಷ್ಟೋ ಮೇಲು, ಏಕೆಂದರೆ ಊರಿನವರೆಲ್ಲ ದಿನಕ್ಕೆರಡು ಹೊತ್ತು ಅಲ್ಲಿಗೆ ಬರುತ್ತಾರೆ, ಸಾಲಿನಲ್ಲಿ ನಿಂತಾಗ ಓದಬಲ್ಲವರು ಉಳಿದವರಿಗೆ ಓದಿ ಹೇಳುತ್ತಾರೆ.

ಅಂಚೆ ಕಾರ್ಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈ 1ರಂದು, ಕಾಲಾಣೆಯ ಬೆಲೆಗೆ. ನೂರು ವರ್ಷ ಕಳೆದ ಮೇಲೂ ಬಡವನ ಮನೆ ಮುಟ್ಟಲು ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಓದು ಬಾರದವರಿಗೆ ಅಂಚೆಯವನೇ ಓದಿ ಹೇಳುತ್ತಿದ್ದ. ಆದರೆ ಕಾರ್ಡನ್ನು ಊರೆಲ್ಲ ಓದುತ್ತದೆ. ಒಮ್ಮೆ ನಾನು ಅವಿವೇಕದಿಂದ ಒಬ್ಬ ಹುಡುಗನ ಅಂಕಗಳನ್ನು ಕಾರ್ಡಿನಲ್ಲಿ ಬರೆದೆ. ತಂದೆಗಿಂತ ಮೊದಲು ಊರಿಗೆ ತಿಳಿಯಿತು, ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಅಂದಿನಿಂದ ಕಾರ್ಡಿನಲ್ಲಿ ದಿನಾಂಕ ಮಾತ್ರ ಬರೆದೆ, ಅಂಕದ ವಿಚಾರವನ್ನು ಮುಖತಃ ಹೇಳಿದೆ.

ಮುಂದೆ ಸರ್ಕಾರವೇ ಪೋಷಕರನ್ನು ಶಾಲೆಯೊಳಕ್ಕೆ ಕರೆಯಿತು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಎಸ್.ಡಿ.ಎಂ.ಸಿ.ಗಳು ರಚನೆಯಾದವು. 2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಎಂಟನೆಯ ತರಗತಿಯವರೆಗಿನ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಇವು ಒಳ್ಳೆಯ ಹೆಜ್ಜೆಗಳು. ಆದರೂ ಕೂಲಿ ಬಿಟ್ಟು ಸಭೆಗೆ ಬರಲಾರದ ತಾಯಿಗೆ ಸುದ್ದಿ ಮುಟ್ಟಿಸುವ ಕೆಲಸ ಹಾಗೆಯೇ ಉಳಿಯಿತು.

ನಾನು ನಿವೃತ್ತನಾದ ಮರುವರ್ಷವೇ ಕೊರೋನಾ ಬಂದಿತು. 2020ರ ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದೂಡಲ್ಪಟ್ಟು ಜೂನ್ 25ರಂದು ಆರಂಭವಾಯಿತು. ಶಾಲೆಯ ಬಾಗಿಲೇ ಮುಚ್ಚಿತ್ತು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹೊಸ ದಿನಾಂಕ ತಿಳಿಯಬೇಕಿತ್ತು. ಮೊಬೈಲು ಇಲ್ಲದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಸುದ್ದಿ ವಿದ್ಯಾರ್ಥಿಯ ಕೈ ಹಾಯದೆ ನೇರ ಮನೆಗೆ ಹೋಗುವ ದಾರಿ ಕೊನೆಗೂ ಸಿಕ್ಕಿತೆಂದು ನನಗೆ ಸಂತೋಷವಾಗಿತ್ತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೂ ಬಂದು, ಒಂದು ತಪ್ಪಿದವರಿಗೆ ಮುಂದಿನದು ಬೇಗ ದೊರೆಯುವಂತಾಯಿತು.

ಆದರೂ ಅಂದು ನನ್ನ ವಿದ್ಯಾರ್ಥಿನಿಯನ್ನು ಒಂದು ಮಾತು ಕೇಳಿದೆ: "ನಿನ್ನ ಗುಂಪಿನಲ್ಲಿರುವ ನಂಬರುಗಳಲ್ಲಿ ಎಷ್ಟು ನಿಜವಾಗಿ ತಂದೆ ತಾಯಿಗಳ ಕೈಯಲ್ಲಿವೆಯಮ್ಮ?" ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಕೆಲವು ಬೆಂಗಳೂರಿನಲ್ಲಿ ದುಡಿಯುವ ಅಣ್ಣನವು, ಕೆಲವು ಪಕ್ಕದ ಮನೆಯವರವು, ಹಲವು ಆ ಮಕ್ಕಳೇ ಹಿಡಿದುಕೊಂಡಿರುವಂಥವು ಎಂದಳು. ದೂತ ಮತ್ತೆ ಅವನೇ! ಎರಡು ನೀಲಿ ಗೆರೆ ಬಿದ್ದರೆ ಓದಿದರು ಎನ್ನಬಹುದೇ ಹೊರತು ಓದಿದವರು ಯಾರು ಎನ್ನಲಾಗದು. ಒಳಗಿನಿಂದ ಹಳೆಯ ನೋಟ್ ಪುಸ್ತಕ ತಂದು ತೋರಿಸಿದೆ. ಕುಳಿತು ಪುಟಪುಟವನ್ನೂ ನೋಡಿದಳು. ಓದು ಬಾರದ ತಾಯಂದಿರಿಗೆ ಬರೆಯುವ ಬದಲು ಧ್ವನಿಯಲ್ಲಿ ಹೇಳಿ ಕಳುಹಿಸುತ್ತೇನೆ, ಉತ್ತರ ಬಾರದವರ ಪಟ್ಟಿ ಮಾಡಿ ಅವರ ಮನೆಗೆ ಹೋಗಿಬರುತ್ತೇನೆ ಎಂದಳು. ಎರಡು ವಾರದ ಬಳಿಕ ಫೋನು ಮಾಡಿ, ಪಟ್ಟಿಯಲ್ಲಿ ಏಳು ಹೆಸರು ಉಳಿದಿದ್ದವು, ಏಳೂ ಮಕ್ಕಳ ಅರ್ಜಿ ಕಟ್ಟಿಸಿದೆ ಸರ್ ಎಂದು ತಿಳಿಸಿದಳು.

ನಿಮ್ಮಲ್ಲಿ ಬಹಳ ಮಂದಿ ಈಗ ಪೋಷಕರಾಗಿದ್ದೀರಿ. ನಿಮ್ಮ ಮಗುವಿನ ಶಾಲೆಯ ಸೂಚನೆ ನಿಮ್ಮ ಮೊಬೈಲಿಗೆ ಬಂದಾಗ, ಅದೇ ತರಗತಿಯ ಮಗುವಿರುವ ನೆರೆಮನೆಯವರಿಗೆ, ಮನೆಗೆಲಸಕ್ಕೆ ಬರುವಾಕೆಗೆ, ತೋಟದ ಆಳಿಗೆ ಒಮ್ಮೆ ಬಾಯಿಮಾತಿನಲ್ಲಿ ಹೇಳಿ. ಅರ್ಧ ನಿಮಿಷದ ಕೆಲಸ. ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮಹಾಶಯನೂ ಇದನ್ನು ಓದುತ್ತಿದ್ದರೆ ತಪ್ಪೊಪ್ಪಿಕೊಳ್ಳಲಿ, ಈಗ ಬೆತ್ತ ನನ್ನ ಬಳಿ ಇಲ್ಲ.